ಮಾಸ್ತರರ ವಂಶಾವಳಿ ಮತ್ತು ಒಂದು ತಿದ್ದುಪಡಿ

ಮೇಗರವಳ್ಳಿಯಿಂದ ಕಾರ್ಡು ಬಂದದ್ದು ಒಂದು ಮಂಗಳವಾರ. ಕೆರಿಯಪ್ಪ ಮಾಸ್ತರರು ಅದನ್ನು ಓದದೆ ಜೇಬಿನಲ್ಲಿಟ್ಟುಕೊಂಡೇ ಶಾಲೆಯಿಂದ ಮನೆಗೆ ಬಂದರು. ಗಂಡಿನ ಕಡೆಯವರು ಮದುವೆಯ ದಿನ ಗೊತ್ತುಮಾಡಿ ಬರೆದಿರುತ್ತಾರೆ, ಮನೆಯವರೆಲ್ಲ ಊಟಕ್ಕೆ ಕೂತಾಗ ಓದಿದರೆ ಚೆನ್ನ ಎಂದು ಅವರ ಲೆಕ್ಕಾಚಾರ. ಹೊಸನಗರದ ಶಾಲೆಯೊಂದರಲ್ಲಿ ಹದಿನೆಂಟು ವರ್ಷ ಹೆಡ್‌ಮಾಸ್ತರಿಕೆ ಮಾಡಿದವರಿಗೆ ಏನನ್ನೂ ಮನಸ್ಸಿನಲ್ಲೇ ಓದಿಕೊಂಡು ಅಭ್ಯಾಸವಿಲ್ಲ. ಎದುರಿಗೆ ಕೇಳುವವರು ಬೇಕು.

ಹೆಂಡತಿ ವೆಂಕಮ್ಮ ಒಣಮೀನಿನ ಸಾರು ಬಡಿಸಿದಳು. ಮಗಳು ವೇದಾವತಿ ಅಜ್ಜಿಯ ತಟ್ಟೆಗೆ ಅನ್ನ ಮೆತ್ತಗೆ ಕಲಸಿಕೊಡುತ್ತಿದ್ದಳು. ಮಾಸ್ತರರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು.

“‘ಮಾಸ್ತರರಿಗೆ ಮೇಗರವಳ್ಳಿ ಹುಲಿಯಪ್ಪನ ನಮಸ್ಕಾರಗಳು. ತಾವು ಕಳಿಸಿದ ವಂಶಾವಳಿ ಪುಸ್ತಕ ತಲುಪಿತು. ಓದಿ ಬಹಳ ಸಂತೋಷವಾಯಿತು. ಅದರ ನಲವತ್ತೊಂದನೇ ಪುಟದಲ್ಲಿ ನಮ್ಮ ಮನೆ ಕಡವೆ ಬಳಿ ಎಂದೂ, ಹನ್ನೆರಡನೇ ಪುಟದಲ್ಲಿ ತಮ್ಮ ಮನೆಯೂ ಕಡವೆ ಬಳಿ ಎಂದೂ ಇದೆ. ಒಂದೇ ಬಳಿಯ ಮಕ್ಕಳು ಅಣ್ಣತಂಗಿಯರ ಸಮಾನ ಎಂಬುದು ತಮಗೆ ತಿಳಿಯದ್ದಲ್ಲ. ಆದ ಕಾರಣ ನಮ್ಮ ಗುತ್ಯಪ್ಪನಿಗೂ ತಮ್ಮ ಮಗಳಿಗೂ ಮಾತಾಡಿದ ಸಂಬಂಧವನ್ನು...’”

ಓದಿನ ಓಘದಲ್ಲಿ ಅವರು “ಇಲ್ಲಿಗೆ ಕೈಬಿಡಲಾಗಿದೆ” ಎಂಬಲ್ಲಿಯವರೆಗೂ ಓದಿಯೇಬಿಟ್ಟರು. ಸಾರಿನ ಸೌಟು ಹಿಡಿದ ವೆಂಕಮ್ಮ ಕೇಳಿದಳು.

“ಇನ್ನೊಂದ್ಸಲ ಓದಿ.”

“ಕೇಳಿಸಿತಲ್ಲ.”

“ನಿಮ್ಮ ಪುಸ್ತಕದಿಂದ ನನ್ನ ಮಗಳ ಮದುವೆ ನಿಂತಿತು ಅಂತ ಕೇಳಿಸಿತು. ಹಂಗೇ ಬರೆದಾರಾ, ನನಗೆ ಕಿವಿ ಕೆಟ್ಟಿದೆಯಾ ಅಂತ ಕೇಳಿದೆ.”

ಮಾಸ್ತರರು ಕಾರ್ಡನ್ನು ಮಡಿಸಿ ಮತ್ತೆ ಜೇಬಿಗೆ ಸೇರಿಸಿದರು. ಅಜ್ಜಿ ಕನ್ನಮ್ಮ ಒಬ್ಬಳೇ ಊಟ ಮುಂದುವರಿಸಿದಳು. ಎಪ್ಪತ್ತೈದು ದಾಟಿದ ಮೇಲೆ ತಟ್ಟೆಯ ಅನ್ನ ಆರುವುದಕ್ಕೆ ಬಿಡಬಾರದು ಎಂಬುದು ಅವಳ ನಿಯಮ.

ಬಳಿ ಎಂದರೇನೆಂದು ಪೇಟೆಯವರಿಗೆ ಸ್ವಲ್ಪ ಹೇಳಬೇಕು. ಇವರ ಜನದಲ್ಲಿ ಪ್ರತಿಯೊಬ್ಬರಿಗೂ ಒಂದು ಬಳಿ ಇರುತ್ತದೆ: ಕಡವೆ, ಹೊನ್ನೆ, ಕೇದಗೆ, ಮತ್ತಿ, ಹೀಗೆ ಕಾಡಿನ ಪ್ರಾಣಿ, ಮರಗಳ ಹೆಸರು. ಹುಟ್ಟಿದ ಮಗುವಿಗೆ ಬಳಿ ಬರುವುದು ತಾಯಿಯಿಂದ. ಗಂಡಸಿನ ಬಳಿ ಅವನೊಂದಿಗೇ ಮುಗಿಯುತ್ತದೆ. ಹೆಂಗಸಿನದು ಅವಳ ಹೆಣ್ಣುಮಕ್ಕಳ ಮೂಲಕ ಮುಂದಕ್ಕೆ ಹೋಗುತ್ತದೆ. ಒಂದೇ ಬಳಿಯ ಗಂಡು ಹೆಣ್ಣಿಗೆ ಮದುವೆ ಮಾಡುವುದಿಲ್ಲ. ಆ ಲೆಕ್ಕದಲ್ಲಿ ಕನ್ನಮ್ಮ ಕಡವೆ, ಅವಳ ಮಗ ಮಾಸ್ತರರು ಕಡವೆ. ವೆಂಕಮ್ಮ ಹೊನ್ನೆ, ಹಾಗಾಗಿ ವೇದಾವತಿಯೂ ಹೊನ್ನೆ. ಇದರಲ್ಲಿ ಮೇಗರವಳ್ಳಿಯ ಗುತ್ಯಪ್ಪನಿಗೆ ಯಾವ ಅಡ್ಡಿಯೂ ಇರಲಿಲ್ಲ.

ಅಡ್ಡಿ ಬಂದದ್ದು ಪುಸ್ತಕದಿಂದ. ಇವರ ಮೂಲ ಊರು ಬ್ಯಾಕೋಡಿನ ಆಚೆ ಇತ್ತು. ಲಿಂಗನಮಕ್ಕಿ ಅಣೆಕಟ್ಟಿನ ನೀರು ಬಂದಾಗ ಊರಿನವರು ಲಾರಿ ಹತ್ತಿ ಒಬ್ಬೊಬ್ಬರು ಒಂದೊಂದು ಕಡೆ ಇಳಿದರು; ಸಾಗರದ ಪಕ್ಕ ಕೆಲವರು, ಹೊಸನಗರ, ತೀರ್ಥಹಳ್ಳಿಯ ಕಡೆ ಕೆಲವರು. ಹದಿನೈದು ವರ್ಷ ಕಳೆಯುವುದರೊಳಗೆ ಚಿಕ್ಕಪ್ಪನ ಮಕ್ಕಳೇ ಬಸ್ಸಿನಲ್ಲಿ ಪಕ್ಕಪಕ್ಕ ಕೂತರೂ ಗುರುತು ಸಿಗದ ಹಾಗಾಯಿತು. ಎಪ್ಪತ್ತೊಂಬತ್ತರಲ್ಲಿ ಮಾಸ್ತರರೂ ಸಾಗರದಲ್ಲಿದ್ದ ಅವರ ದೊಡ್ಡಪ್ಪನ ಮಗ ಜಟ್ಟಿಂಗಪ್ಪನೂ ಸೇರಿ ಎಲ್ಲರ ವಂಶಾವಳಿ ಬರೆಯುವುದೆಂದು ಹೊರಟರು. ಜಟ್ಟಿಂಗಪ್ಪ ಫಾರೆಸ್ಟ್ ಗಾರ್ಡ್ ಆಗಿ ನಿವೃತ್ತನಾದವನು, ದಾರಿ ಅವನಿಗೆ ಗೊತ್ತು. ಮಾಸ್ತರರಿಗೆ ಬರೆಯುವುದು ಗೊತ್ತು. ಭಾನುವಾರ ಬಂತೆಂದರೆ ಒಬ್ಬ ಸಾಗರದಿಂದ, ಒಬ್ಬರು ಹೊಸನಗರದಿಂದ ಬಸ್ಸು ಹತ್ತುತ್ತಿದ್ದರು. ವಾರದ ನಡುವೆ ಕಾರ್ಡುಗಳು ಹೋಗಿಬರುತ್ತಿದ್ದವು.

ಕೆಲಸ ಒಳ್ಳೆಯದೇ. ಮಾಡಿದ ರೀತಿ ಮಾತ್ರ ಹೀಗಿತ್ತು: ಇಬ್ಬರೂ ಜಗಲಿಯಲ್ಲಿ ಕೂರುವುದು, ಮನೆಯ ಯಜಮಾನನನ್ನು ಕೇಳುವುದು, ಅವನ ಬಳಿಯನ್ನು ಬರೆದುಕೊಳ್ಳುವುದು, ಅವನ ಮಕ್ಕಳೆಲ್ಲರನ್ನೂ ಅದೇ ಬಳಿಗೆ ಸೇರಿಸುವುದು. ಐದು ವರ್ಷ, ಇನ್ನೂರ ಹದಿನಾಲ್ಕು ಮನೆ. ಒಂದು ಮನೆಯಲ್ಲೂ ಒಳಗೆ ಕೋಳಿ ಸಾರು ಕುದಿಸುತ್ತಿದ್ದ ಹೆಂಗಸನ್ನು ಕರೆದು ನಿನ್ನ ಬಳಿ ಯಾವುದೆಂದು ಕೇಳಲಿಲ್ಲ. ಸಾರು ಮಾತ್ರ ಎಲ್ಲ ಕಡೆಯೂ ಉಂಡರು.

ಸ್ವಚ್ಛಪ್ರತಿ ಬರೆದವಳು ವೇದಾವತಿ. ಆಗಲೇ ಅವಳು ಕೇಳಿದ್ದಳು, “ಅಪ್ಪ, ನಾನು ಅಮ್ಮನ ಬಳಿ ಅಲ್ವಾ?” ಎಂದು. “ಶಾಲೆ ರಿಜಿಸ್ಟರಲ್ಲಿ ಯಾರ ಹೆಸರು ಕೇಳ್ತೀವಿ? ತಂದೆದು. ಪುಸ್ತಕ ಅಂದಮೇಲೆ ಒಂದು ಪದ್ಧತಿ ಇರಬೇಕು. ನೀನು ಬರೆ” ಎಂದಿದ್ದರು ಮಾಸ್ತರರು. ಅವಳು ಬರೆದಳು. ತನ್ನ ಅಕ್ಷರದಲ್ಲಿ ತನ್ನ ಮದುವೆಯನ್ನೇ ಕೆಡಿಸಿಕೊಂಡೆ ಎಂದು ಈಗ ಅವಳಿಗೆ ಮೈಯೆಲ್ಲ ಉರಿಯಿತು.

ಗುತ್ಯಪ್ಪ ಅವಳಿಗೆ ಹಿಡಿಸಿದ್ದ. ಸೊಸೈಟಿಯಲ್ಲಿ ಗುಮಾಸ್ತ, ಹೆಣ್ಣು ನೋಡಲು ಬಂದಾಗ ಅವಳ ಹತ್ತಿರ ಎರಡೇ ಮಾತು ಆಡಿದ್ದ. ಮದುವೆಯಾದ ಮೇಲೂ ಶಾಲೆ ಕೆಲಸ ಬಿಡಬೇಡಿ ಎಂದ. ಅವರ ಮನೆ ಬಾವಿ ಆಳ, ನೀರು ಸೇದುವುದು ತಾನೇ ಎಂದ. ಅವಳಿಗೆ ಇಪ್ಪತ್ತಾರು. ಹಿಂದೆ ಬಂದ ಇಬ್ಬರು ಗಂಡುಗಳು ಆಡಿದ ಮಾತುಗಳ ಪಕ್ಕದಲ್ಲಿ ಇವು ಎಷ್ಟೋ ದೊಡ್ಡ ಮಾತುಗಳು.

ವಾರವಿಡೀ ಆ ಮನೆಯಲ್ಲಿ ಜಗಳವೇ ಅಡುಗೆಯಾಯಿತು. ಬೆಳಗಿನ ಅಕ್ಕಿರೊಟ್ಟಿ ತಟ್ಟುತ್ತಲೇ ವೆಂಕಮ್ಮ ಶುರುಮಾಡುತ್ತಿದ್ದಳು.

“ನಿಮ್ಮದು ಕಡವೆ ಎಲ್ಲಿಂದ ಬಂತು? ಅತ್ತೆಯಿಂದ ಬಂತಲ್ಲ? ನಿಮಗೆ ಬರಬಹುದು, ನನ್ನ ಮಗಳಿಗೆ ನನ್ನದು ಬರಬಾರದಾ?”

“ಅದು ಹಿಂದಿನದು. ಪುಸ್ತಕ ಮುಂದಿನ ಕಾಲಕ್ಕೆ.”

“ಹೆರೋದು ಮುಂದಿನ ಕಾಲದಲ್ಲೂ ನಾವೇ ಅಲ್ವಾ?”

“ಅವ್ವ, ನೀನಾದರೂ ಹೇಳು ಇವಳಿಗೆ,” ಎಂದು ಮಾಸ್ತರರು ತಾಯಿಯ ಕಡೆ ತಿರುಗಿದರು.

“ನನ್ನನ್ನ ಐದು ವರ್ಷ ಕೇಳಲಿಲ್ಲ. ಈಗ ರೊಟ್ಟಿ ಸೀದುಹೋಗೋ ಹೊತ್ತಲ್ಲಿ ಎಂತಕ್ಕೆ ಕೇಳ್ತೀಯ,” ಎಂದಳು ಕನ್ನಮ್ಮ.

ಭಾನುವಾರ ಗಂಡ ಹೆಂಡತಿ ಇಬ್ಬರೂ ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸಿ ಮೇಗರವಳ್ಳಿಗೆ ಹೋದರು. ಹುಲಿಯಪ್ಪ ಗೌರವದಿಂದಲೇ ಮಾತಾಡಿಸಿದ. ಮಂಚದ ಮೇಲೆ ಚಾದರ ಹಾಸಿ ಕೂರಿಸಿದ. ಗೂಡಿನಲ್ಲಿ ದೇವರ ಪಟದ ಪಕ್ಕಕ್ಕೇ ಪುಸ್ತಕ ಇಟ್ಟಿದ್ದ. ಅದನ್ನು ನೋಡಿ ಮಾಸ್ತರರಿಗೆ ಒಂದು ಗಳಿಗೆ ಬಂದ ಕೆಲಸವೇ ಮರೆತು ಖುಷಿಯಾಯಿತು.

“ಮಾಸ್ತರೇ, ಇದು ನಿಮ್ಮ ಪುಸ್ತಕ, ನಾನು ಬರೆದದ್ದಲ್ಲ,” ಎಂದ ಹುಲಿಯಪ್ಪ. “ಸಂಘದ ಮೀಟಿಂಗಲ್ಲಿ ನಾನೇ ನಿಂತು ಹೇಳೀನಿ, ಇನ್ನುಮುಂದೆ ಎಲ್ಲರೂ ಮಾಸ್ತರ ಪುಸ್ತಕ ನೋಡಿಯೇ ಸಂಬಂಧ ಮಾಡಬೇಕು ಅಂತ. ಈಗ ನನ್ನ ಮನೇಲೇ ಮುರಿದರೆ ಜನ ಮುಖಕ್ಕೆ ಉಗೀತಾರೆ.”

ಬಾಗಿಲ ಬಳಿ ನಿಂತಿದ್ದ ಅವನ ಹೆಂಡತಿ ಬಾಯಿ ಹಾಕಿದಳು. “ನನ್ನ ಮಗ ಕೇದಗೆ. ಹೆತ್ತವಳು ನಾನು, ನನಗೆ ಗೊತ್ತಿಲ್ವಾ?”

“ನನ್ನ ಮಗಳು ಹೊನ್ನೆ,” ಎಂದಳು ವೆಂಕಮ್ಮ. “ನಮ್ಮಿಬ್ಬರ ಮಟ್ಟಿಗೆ ಇದು ಮುಗಿದ ಮಾತು.”

“ನೀನು ಚಾ ತಾ,” ಎಂದ ಹುಲಿಯಪ್ಪ ಹೆಂಡತಿಗೆ. ಮಾಸ್ತರರ ಕಡೆ ತಿರುಗಿ, “ಬಾಯಿಮಾತು ಬೇಡ. ಪುಸ್ತಕದಲ್ಲಿ ತಪ್ಪಾಗಿದೆ ಅಂತ ತಿದ್ದುಪಡಿ ಬರೆದು ಎಲ್ಲ ಮನೆಗೂ ಕಳಿಸಿ. ಅದು ನನ್ನ ಕೈಗೆ ಬಂದ ದಿನವೇ ಹೊರಟು ಬರ್ತೀನಿ. ಬರೀದಿದ್ದರೆ ಯುಗಾದಿ ಕಳೆದ ಮೇಲೆ ಬೇರೆ ಕಡೆ ನೋಡ್ತೀನಿ,” ಎಂದ.

ಬಸ್ ನಿಲ್ಲುವಲ್ಲಿಗೆ ಗುತ್ಯಪ್ಪ ಸೈಕಲ್ಲಿನಲ್ಲಿ ಬಂದ. ಮಾಸ್ತರರನ್ನು ಬಿಟ್ಟು ವೆಂಕಮ್ಮನ ಹತ್ತಿರ, “ಅಪ್ಪನ್ನ ಯುಗಾದಿ ತನಕ ತಡೀತೀನಿ. ಅದಕ್ಕಿಂತ ಆಚೆ ನನ್ನ ಕೈಲಿ ಆಗೋದು ಕಷ್ಟ. ನಿಮ್ಮ ಮಗಳಿಗೆ ಹೇಳಿ” ಎಂದ. ಅವನು ಇದನ್ನು ತಲೆ ತಗ್ಗಿಸಿಕೊಂಡೇ ಹೇಳಿದ. ಯುಗಾದಿಗೆ ಇನ್ನು ಐದು ವಾರವಿತ್ತು.

ಮಾಸ್ತರರು ಹತ್ತು ದಿನ ಬಿಗಿದುಕೊಂಡೇ ಇದ್ದರು. ವೆಂಕಮ್ಮ ಬಡಿಸುವುದನ್ನು ಬಿಟ್ಟಳು. ಅಡುಗೆ ಮಾಡಿ ಮುಚ್ಚಿಟ್ಟು ತಾನು ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು. ಹನ್ನೊಂದನೆಯ ದಿನ ಮಾಸ್ತರರು ಸಾರನ್ನು ತಾವೇ ಬಗ್ಗಿಸಿಕೊಳ್ಳಲು ಹೋಗಿ ಅಂಗಿಯ ಮೇಲೆ ಚೆಲ್ಲಿಕೊಂಡರು. ಅವರಿಗೆ ಅಳುವೇ ಬಂದ ಹಾಗಾಯಿತು. ಐದು ವರ್ಷ ಭಾನುವಾರಗಳನ್ನೆಲ್ಲ ಸುರಿದಿದ್ದರು. ನಡೆದು ನಡೆದು ಹಿಮ್ಮಡಿ ಒಡೆದಿತ್ತು. ಈಗ ಸ್ವಂತ ಮನೆಯಲ್ಲೇ ಕಳ್ಳನ ಹಾಗೆ ಸಾರು ಬಗ್ಗಿಸಿಕೊಳ್ಳಬೇಕಾಗಿತ್ತು.

“ಆಯ್ತು ಮಾರಾಯ್ತಿ,” ಎಂದು ಹಿತ್ತಿಲಿಗೆ ಕೇಳುವ ಹಾಗೆ ಕೂಗಿದರು. “ತಿದ್ದೋಣ. ಆದರೆ ತಿದ್ದಿದ ಮೇಲೆ ಪೂರ್ತಿ ತಿದ್ದಬೇಕು. ನಮ್ಮ ಮನೆದು ಮಾತ್ರ ತಾಯಿ ಲೆಕ್ಕ, ಉಳಿದವರದ್ದು ತಂದೆ ಲೆಕ್ಕ ಅಂದರೆ ನಾಯಿಯೂ ನಗುತ್ತದೆ. ಇನ್ನೂರ ಹದಿನಾಲ್ಕು ಮನೆ ಹೆಂಗಸರ ಬಳಿಯೂ ಬೇಕು. ಎಲ್ಲಿಂದ ತರ್ತೀಯ?”

“ಹೊರಗೆ ಎಂತಕ್ಕೆ ಹೋಗಬೇಕು,” ಎಂದಳು ವೆಂಕಮ್ಮ. “ಅತ್ತೆ ಇದಾರಲ್ಲ.”

ಮಾರನೆಯ ದಿನದಿಂದ ವೇದಾವತಿ ಶಾಲೆ ಬಿಟ್ಟು ಬಂದು ಅಜ್ಜಿಯ ಎದುರು ನೋಟುಪುಸ್ತಕ ಹಿಡಿದು ಕೂರತೊಡಗಿದಳು. ಮಿಡಿಮಾವಿನ ಕಾಲ. ಕನ್ನಮ್ಮ ತೊಟ್ಟು ಮುರಿದು ಮಿಡಿಯನ್ನು ಬುಟ್ಟಿಗೆ ಹಾಕುತ್ತ ಹೇಳುತ್ತಿದ್ದಳು. ವೇದಾವತಿ ಪುಸ್ತಕದಿಂದ ಒಂದೊಂದೇ ಮನೆ ಓದುತ್ತಿದ್ದಳು.

“ಹದಿನೇಳನೇ ಪುಟ. ಕಲ್ಲುಕೊಪ್ಪದವರು. ಹೊನ್ನೆ ಅಂತ ಇದೆ.”

“ಗಂಡಸಿನದು ಇರಬೈದು. ಅವನ ಹೆಂಡತಿ ಯಾರ ಮಗಳು ಹೇಳು. ಕುಂಟ ಬೈರನ ಅಕ್ಕನ ಮಗಳಲ್ದಾ? ಅವರು ಕೇದಗೆ. ಮಕ್ಕಳೂ ಕೇದಗೆ. ಬರಕೊ.”

“ಅಜ್ಜಿ, ಇಷ್ಟೆಲ್ಲ ನಿನಗೆ ಹೆಂಗೆ ನೆನಪು?”

“ನೆನಪು ಎಂತದು ಮಗಾ, ಗೊತ್ತಿರೋದು. ಬಾಣಂತನಕ್ಕೆ ಹೋಗೀನಿ, ಸಾವಿಗೆ ಹೋಗೀನಿ. ಹೆಂಗಸರು ಕೂತ ಕಡೆ ಬೇರೆ ಎಂತ ಮಾತಾಡ್ತೀವಿ?”

ಎರಡು ವಾರದಲ್ಲಿ ನೂರೈವತ್ತು ಮನೆ ಮುಗಿಯಿತು. ಇಡೀ ಐದು ವರ್ಷದ ಕೆಲಸವನ್ನು ಮುದುಕಿಯೊಬ್ಬಳು ಕಾಲು ಚಾಚಿ ಕೂತಲ್ಲೇ ಮುಗಿಸುತ್ತಿದ್ದಾಳೆಂದು ಮಾಸ್ತರರು ಒಳಗೊಳಗೇ ಕುದಿದರು. ಆದರೂ ದಿನಾ ಸಂಜೆ ನೋಟುಪುಸ್ತಕ ತೆಗೆದು ನೋಡುತ್ತಿದ್ದರು. ಕನ್ನಮ್ಮನಿಗಂತೂ ಹಿಗ್ಗು. ಮಧ್ಯಾಹ್ನದ ನಿದ್ದೆಯನ್ನೇ ಬಿಟ್ಟಳು. “ನಮ್ಮನೆದು ಕೊನೆಗೆ ಬರೆಯಾಣ. ನಮ್ಮವ್ವ, ಅವಳವ್ವ, ಅವಳವ್ವ, ಏಳು ಜನರ ಹೆಸರು ಹೇಳ್ತೀನಿ. ಎಲ್ಲ ಕಡವೆ. ನಿಧಾನಕ್ಕೆ ಹೇಳಬೇಕು ಅದನ್ನ” ಎಂದಿದ್ದಳು.

ನೂರೈವತ್ಮೂರನೇ ಮನೆ ಜಟ್ಟಿಂಗಪ್ಪನದು.

“ದೊಡ್ಡಪ್ಪಂದು,” ಎಂದಳು ವೇದಾವತಿ. “ತೀರಿಕೊಂಡ ದೊಡ್ಡಮ್ಮ ಯಾವ ಬಳಿ?”

“ಮತ್ತಿ. ಹಂಗಾದರೆ ಅನ್ನಪೂರ್ಣೇಶ್ವರಿಯೂ ಮತ್ತಿ. ಅವಳ ಗಂಡನ ಮನೆಯವರ್ಯಾರು ಓದು. ನಾನು ಆ ಮದುವೆಗೆ ಹೋಗಲಿಲ್ಲ, ಜ್ವರ ಬಂದಿತ್ತು.”

ವೇದಾವತಿ ಪುಟ ತಿರುಗಿಸಿದಳು. ಜಟ್ಟಿಂಗಪ್ಪನ ಮಗಳು ಅನ್ನಪೂರ್ಣೇಶ್ವರಿಯ ಮದುವೆ ಹೋದ ವರ್ಷ ಆಗಿತ್ತು, ಪುಸ್ತಕದ ಕರಡು ನೋಡಿಯೇ. “ಈ ಗ್ರಂಥದ ಆಧಾರದಿಂದ ನೆರವೇರಿದ ಮೊದಲ ವಿವಾಹ” ಎಂದು ಮಾಸ್ತರರು ಮುನ್ನುಡಿಯಲ್ಲಿ ಹೆಮ್ಮೆಯಿಂದ ಬರೆದಿದ್ದರು. ಅಳಿಯನಿಗೂ ತಾಯಿ ಇಲ್ಲ, ಮಲತಾಯಿ ಸಾಕಿದ್ದು. ವೇದಾವತಿ ಅವನನ್ನು ಹೆತ್ತವಳ ತವರಿನ ಹೆಸರು ಓದಿದಳು.

ಕನ್ನಮ್ಮನ ಕೈ ನಿಂತಿತು. “ಇನ್ನೊಂದ್ಸಲ ಓದು.”

ವೇದಾವತಿ ಓದಿದಳು.

“ಅವಳೂ ಮತ್ತಿ,” ಎಂದಳು ಕನ್ನಮ್ಮ. “ನಾನೇ ಅವಳ ತಾಯಿಯ ಬಾಣಂತನ ಮಾಡೀನಿ. ಅಣ್ಣತಂಗಿಗೆ ಮದುವೆ ಮಾಡಿಟ್ಟಾರಲ್ಲೇ ಇವರು.”

ಅನ್ನಪೂರ್ಣೇಶ್ವರಿಗೆ ಆಗ ಏಳು ತಿಂಗಳು. ಮಾವನ ಮನೆಯವರು ಹಳೇ ಕಾಲದ ಬಿಗಿ ಜನ. ತಿದ್ದುಪಡಿ ಅವರ ಮನೆಗೂ ಹೋಗುತ್ತದೆ. ಅದನ್ನು ಓದಿದ ದಿನ ಅವಳನ್ನು ಗಂಟುಮೂಟೆ ಸಮೇತ ಸಾಗರದ ಬಸ್ಸು ಹತ್ತಿಸುತ್ತಾರೆ ಎಂಬುದರಲ್ಲಿ ಆ ಮನೆಯ ಯಾರಿಗೂ ಅನುಮಾನವಿರಲಿಲ್ಲ. ಹುಟ್ಟುವ ಮಗುವನ್ನು ಏನೆಂದು ಕರೆಯುತ್ತಾರೋ.

ಮಾಸ್ತರರು ಕಾರ್ಡು ಬರೆದರು. ಶನಿವಾರ ಜಟ್ಟಿಂಗಪ್ಪ ಬಂದ. ಬರುವಾಗಲೆಲ್ಲ ಗಂಟಲು ದೊಡ್ಡದು ಮಾಡಿ “ಕೆರಿಯಾ” ಎಂದು ಬೀದಿಯಿಂದಲೇ ಕರೆಯುತ್ತಿದ್ದವನು ಆ ದಿನ ಸದ್ದಿಲ್ಲದೆ ಒಳಗೆ ಬಂದು ಕೂತ. ವೆಂಕಮ್ಮ ಕೊಟ್ಟ ಚಾ ಮುಟ್ಟಲಿಲ್ಲ.

“ಚಿಕ್ಕಮ್ಮಾ, ನಿಮಗೆ ತಪ್ಪು ನೆನಪಿರಬೈದಾ?” ಎಂದು ಕನ್ನಮ್ಮನನ್ನು ಕೇಳಿದ.

“ಇಲ್ಲ ಜಟ್ಟಿಂಗ.”

“ನಿಮ್ಮ ಕಾಲಿಗೆ ಬೀಳ್ತೀನಿ. ತಾಯಿ ಇಲ್ಲದ ಹುಡುಗಿ ಅದು. ತಿದ್ದುಪಡಿ ಕಳಿಸಬೇಡಿ.”

“ಕಳಿಸಬೇಕು,” ಎಂದಳು ವೆಂಕಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು. “ನಿಮ್ಮ ಮಗಳಿಗೆ ಏಳು ತಿಂಗಳು, ಒಪ್ಪಿದೆ. ನನ್ನ ಮಗಳಿಗೆ ಇಪ್ಪತ್ತಾರು ವರ್ಷ ಭಾವ. ಬರೆದು ಮೆರೆದವರು ನೀವಿಬ್ಬರು. ಅವಳೊಬ್ಬಳೇ ಎಂತಕ್ಕೆ ಅನುಭವಿಸಬೇಕು?”

“ವೆಂಕೀ, ಬಾಯಿ ಮುಚ್ಚು,” ಎಂದರು ಮಾಸ್ತರರು.

“ಮುಚ್ಚಿಕೊಂಡೇ ಇದ್ದೆ, ಐದು ವರ್ಷ. ಕೋಳಿ ಸಾರು ಮಾಡಿ ಮಾಡಿ ಬಡಿಸಿದೆ.”

“ತಿದ್ದುಪಡಿ ಇಲ್ಲ. ಪುಸ್ತಕ ಇದ್ದ ಹಾಗೇ ಇರುತ್ತದೆ. ಒಂದು ಜೀವದ ಪ್ರಶ್ನೆ.”

ಅಲ್ಲಿಯವರೆಗೆ ಸುಮ್ಮನಿದ್ದ ವೇದಾವತಿಗೆ ತಡೆಯಲಾಗಲಿಲ್ಲ. “ಹತ್ತು ದಿನ ಪುಸ್ತಕ ಸರಿ ಅಂತ ಹಟ ಮಾಡಿದ್ರಲ್ಲ ಅಪ್ಪ, ಆಗ ಯಾವ ಜೀವದ ಪ್ರಶ್ನೆ ಇತ್ತು? ಅನ್ನಪೂರ್ಣನ್ನ ಮನೆಗೆ ಕಳಿಸಲಿ ಅಂತ ನಾನು ಹೇಳಲ್ಲ. ಆದರೆ ಅವಳ ಹೆಸರು ಹೇಳಿಕೊಂಡು ನಿಮ್ಮ ಮರ್ಯಾದೆ ಉಳಿಸಿಕೊಳ್ಳಬೇಡಿ. ಅದನ್ನ ಮಾತ್ರ ನನ್ನ ಕೈಲಿ ನೋಡೋಕೆ ಆಗಲ್ಲ.”

ಮಾಸ್ತರರು ಎದ್ದು ನೋಟುಪುಸ್ತಕ ತೆಗೆದುಕೊಂಡು ಹೋದರು. ಬಚ್ಚಲ ಒಲೆಗೆ ಅದನ್ನು ಹಾಳೆ ಹಾಳೆಯಾಗಿ ಹಾಕಿದರು. ಜಟ್ಟಿಂಗಪ್ಪ ಕೊನೆಯ ಹಾಳೆ ಉರಿಯುವ ತನಕ ಪಕ್ಕದಲ್ಲಿ ನಿಂತಿದ್ದು ಬಸ್ಸಿಗೆ ಹೋದ. ನೂರೈವತ್ತೆರಡು ಮನೆಯ ಹೆಂಗಸರು ಆ ದಿನದ ಸ್ನಾನದ ನೀರು ಕಾಯಿಸಿದರು. ವೇದಾವತಿ ಸ್ನಾನ ಮಾಡಲಿಲ್ಲ.

ಯುಗಾದಿಗೆ ಎಂಟು ದಿನ ಉಳಿಯಿತು. ವೇದಾವತಿ ಶಾಲೆಗೆ ಹೋಗಿ ಬರುತ್ತಿದ್ದಳು, ಉಣ್ಣುತ್ತಿದ್ದಳು, ಯಾರ ಹತ್ತಿರವೂ ಮಾತಿಲ್ಲ. ಗುತ್ಯಪ್ಪನಿಗೆ ಒಂದು ಕಾಗದ ಬರೆಯಬೇಕೆಂದುಕೊಂಡು ಏನು ಬರೆಯುವುದೆಂದು ತೋಚದೆ ಬಿಟ್ಟಳು. ಅನ್ನಪೂರ್ಣೇಶ್ವರಿಯ ಮೇಲೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದದ್ದಕ್ಕೆ ತನ್ನ ಮೇಲೆ ಹೇಸಿಗೆ ಬರುತ್ತಿತ್ತು. ಚಿಕ್ಕವರಿದ್ದಾಗ ಇಬ್ಬರೂ ಒಂದೇ ಕಂಬಳಿಯಲ್ಲಿ ಮಲಗಿದವರು.

ಆರು ದಿನ ಉಳಿದಿರುವಾಗ, ಬೆಳಿಗ್ಗೆ ಗಂಜಿ ಕುಡಿಯುತ್ತ ಕನ್ನಮ್ಮ ಮಗನನ್ನು ಕರೆದಳು.

“ಕೆರಿಯಾ, ಎಲ್ಲರದ್ದೂ ತಿದ್ದಬೇಡ. ನಂದೊಂದೇ ತಿದ್ದು.”

“ಅಂದರೆ?”

“ನಾನು ಕಡವೆ ಅಲ್ಲ ಅಂತ ಬರೆ. ನಾನು ಅಲ್ಲ ಅಂದರೆ ನೀನೂ ಅಲ್ಲ. ನಿನ್ನ ಪುಸ್ತಕದ ಲೆಕ್ಕದಲ್ಲಿ ಆಗ ವೇದಾನೂ ಅಲ್ಲ. ಮೇಗರವಳ್ಳಿಯವರಿಗೆ ಅಡ್ಡಿ ಎಂತ ಉಳೀತು?”

ಮಾಸ್ತರರು ಲೋಟ ಕೆಳಗಿಟ್ಟರು. ವೆಂಕಮ್ಮ ಒಲೆಯ ಮುಂದಿನಿಂದ ತಿರುಗಿ ನೋಡಿದಳು.

“ಅತ್ತೆ, ಬೇಡ. ನಿಮ್ಮ ತಾಯಿ ಮನೆ ಸುದ್ದಿ ಅದು.”

“ನನಗೆ ಹೆಣ್ಣುಮಕ್ಕಳಿಲ್ಲ. ತಂಗಿ ಇದ್ದಳು, ಮಕ್ಕಳಾಗದೆ ಸತ್ತಳು. ನನ್ನಿಂದ ಮುಂದಕ್ಕೆ ಅದು ಹೋಗದಿಲ್ಲ. ಯಾರ ಮದುವೆಯೂ ಕೆಡದಿಲ್ಲ, ಯಾರ ಮದುವೆಯೂ ನಿಲ್ಲದಿಲ್ಲ. ಬರಿ.”

“ಯಾವ ಬಳಿ ಅಂತ ಬರೀಲಿ?” ಎಂದರು ಮಾಸ್ತರರು. ಎಷ್ಟು ಬೇಗ ಕೇಳಿದರೆಂದರೆ, ಅವರಿಗೇ ನಾಚಿಕೆಯಾಯಿತು.

“ನಿನಗೆ ಯಾವುದು ಬೇಕೋ ಅದನ್ನ ಬರಕೊ.”

ಹಲಸಿನ ಬಳಿ ಎಂದು ಗೊತ್ತಾಯಿತು. ಆ ಬಳಿಯ ಮನೆಗಳು ಪುಸ್ತಕದಲ್ಲಿ ಎರಡೇ ಇದ್ದವು. ಸಂಜೆ ಮಾಸ್ತರರು ಹೇಳುತ್ತ ಹೋದರು, ವೇದಾವತಿ ಬರೆದಳು. ಅಜ್ಜಿಯ ಎದುರಿಗೇ.

“‘ತಿದ್ದುಪಡಿ. ಹನ್ನೆರಡನೇ ಪುಟದಲ್ಲಿ ಗ್ರಂಥಕರ್ತರ ಮನೆತನವು ಕಡವೆ ಬಳಿ ಎಂದು ನಮೂದಾಗಿದೆ. ಅದನ್ನು ಹಲಸಿನ ಬಳಿ ಎಂದು ಓದಿಕೊಳ್ಳಬೇಕು. ಗ್ರಂಥಕರ್ತರ ತಾಯಿ ಕನ್ನಮ್ಮನವರು ವೃದ್ಧಾಪ್ಯದ ಮರೆವಿನಿಂದ ತಪ್ಪು ಮಾಹಿತಿ ನೀಡಿದ್ದರಿಂದ ಈ ದೋಷ...’ ಯಾಕೆ ನಿಲ್ಲಿಸಿದೆ?”

“ಈ ಸಾಲು ಬೇಡ ಅಪ್ಪ.”

“ಕಾರಣ ಕೊಡಬೇಕಲ್ಲ. ಪುಸ್ತಕದಲ್ಲಿ ತಪ್ಪು ಹೇಗೆ ಬಂತು ಅಂತ ಕೇಳ್ತಾರೆ.”

“ನಾನೇ ಬರೆಯುವಾಗ ತಪ್ಪಿದೆ ಅಂತ ಹಾಕಿ. ನನ್ನ ಕೈ ತಪ್ಪು ಅನ್ನಿ.”

“ಹಾಗಂದರೆ ಉಳಿದ ಪುಟಗಳ ಮೇಲೂ ಅನುಮಾನ ಬರುತ್ತದೆ. ಎಲ್ಲರೂ ಹುಡುಕೋಕೆ ಕೂರ್ತಾರೆ. ಅನ್ನಪೂರ್ಣನ ಮನೆಯವರೂ.”

ಮಾಸ್ತರರ ಮಾತು ಸರಿಯಿತ್ತು. ಅವರ ಮಾತು ಸರಿಯಾಗುತ್ತಿದ್ದದ್ದು ಇಂಥ ಕಡೆಗಳಲ್ಲೇ.

“ಬರಿ ಮಗಾ,” ಎಂದಳು ಕನ್ನಮ್ಮ. “ಬರೆದು ನನಗೊಂದ್ಸಲ ಓದಿ ಹೇಳು.”

ವೇದಾವತಿ ಓದಿ ಹೇಳಿದಳು. ಕನ್ನಮ್ಮ ಹೆಬ್ಬೆರಳನ್ನು ಚಾಚಿದಳು, ಮಾಸ್ತರರು ಶಾಲೆಯಿಂದ ತಂದಿದ್ದ ಮಸಿ ಹಚ್ಚಿ ಒತ್ತಿಸಿದರು. ಸಾಗರದ ಪ್ರೆಸ್ಸಿನಲ್ಲಿ ಅದು ಅಚ್ಚಾಗಿ ಇನ್ನೂರ ಹದಿನಾಲ್ಕು ಮನೆಗೂ ಹೋಯಿತು. ಹೆಬ್ಬೆಟ್ಟಿನ ಮೂಲಪ್ರತಿ ಮಾತ್ರ ಮೇಗರವಳ್ಳಿಗೆ.

ಹುಲಿಯಪ್ಪ ಮಾತಿಗೆ ತಪ್ಪಲಿಲ್ಲ. ಯುಗಾದಿಯ ಹಿಂದಿನ ದಿನವೇ ಹೆಂಡತಿಯನ್ನೂ ಮಗನನ್ನೂ ಕರೆದುಕೊಂಡು ಬಾಳೆಗೊನೆ ಸಮೇತ ಬಂದ. ವೆಂಕಮ್ಮ ಹೋಳಿಗೆ ಮಾಡಿದ್ದಳು. ಅಕ್ಷಯ ತದಿಗೆಗೆ ಮದುವೆ ಎಂದು ಮಾತಾಯಿತು. ಗುತ್ಯಪ್ಪ ವೇದಾವತಿಯನ್ನು ನೋಡಿ ನಕ್ಕ. ಅವಳಿಗೂ ನಗು ಬಂತು. ಒಂದೂವರೆ ತಿಂಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಎಲೆ ಹಾಕುವಾಗ ಹುಲಿಯಪ್ಪ ಕನ್ನಮ್ಮನಿಗೆ ಕೇಳಲಿ ಎಂದು ದನಿ ಎತ್ತರಿಸಿದ. “ಅಜ್ಜೀ, ನಿಮ್ಮ ನೆನಪು ಒಂಚೂರು ಹೆಚ್ಚುಕಮ್ಮಿಯಾಗಿ ಎಷ್ಟು ಪಜೀತಿ ಆಯ್ತು ನೋಡಿ.”

ಒಳಗೆ ಹೋಳಿಗೆ ತಟ್ಟೆ ಹಿಡಿದಿದ್ದ ಅವನ ಹೆಂಡತಿ, ಹಂಡೆಯ ಹತ್ತಿರ ನಿಂತಿದ್ದ ವೆಂಕಮ್ಮ, ಇಬ್ಬರೂ ಮುಖ ಮುಖ ನೋಡಿಕೊಂಡರು. ಮಾಸ್ತರರು ಹೋಳಿಗೆಗೆ ತುಪ್ಪ ಸಾಕೆಂದು ಕೈ ಅಡ್ಡ ಹಿಡಿದಿದ್ದರು, ಹಿಡಿದೇ ಇದ್ದರು.

“ಹೌದಪ್ಪ,” ಎಂದಳು ಕನ್ನಮ್ಮ. “ವಯಸ್ಸಾತು.”

ಮದುವೆಗೆ ಒಂದು ವಾರ ಇರುವಾಗ, ಕಲ್ಲುಕೊಪ್ಪದ ಹೆಂಗಸೊಬ್ಬಳು ಮಗಳ ಸಂಬಂಧದ ವಿಷಯ ಕೇಳಲು ಬಂದಳು. ಗಂಡಿನ ತಾಯಿಯ ಬಳಿ ಯಾವುದೆಂದು ಗೊತ್ತಾಗಬೇಕಿತ್ತು. ಅಂಥವರು ಮೊದಲಿನಿಂದಲೂ ಕನ್ನಮ್ಮನ ಹತ್ತಿರವೇ ಬರುವುದು.

“ನನಗೆ ನೆನಪಿಲ್ಲ ಮಾರಾಯ್ತಿ,” ಎಂದಳು ಕನ್ನಮ್ಮ. “ನಮ್ಮ ಮಾಸ್ತರು ಪುಸ್ತಕ ಮಾಡ್ಯಾನಲ್ಲ. ಅದರಲ್ಲಿ ನೋಡ್ಕೊ.”

ಹೆಂಗಸು ಸ್ವಲ್ಪ ಹೊತ್ತು ಕಾದು, ಚಾ ಕುಡಿದು ಹೋದಳು. ವೇದಾವತಿ ಅಜ್ಜಿಯ ಪಕ್ಕದಲ್ಲಿ ಬಂದು ಕೂತಳು. ಅವಳ ಕೈಯಲ್ಲಿ ಹೊಸ ನೋಟುಪುಸ್ತಕವಿತ್ತು. ಗಂಡನ ಮನೆಗೆ ಒಯ್ಯುವ ಟ್ರಂಕಿನಲ್ಲಿ ಸೀರೆಗಳ ಅಡಿಗೆ ಇಟ್ಟುಕೊಂಡರೆ ಅಪ್ಪನ ಕೈಗೂ ಸಿಗುವುದಿಲ್ಲ, ದೊಡ್ಡಪ್ಪನ ಕೈಗೂ ಸಿಗುವುದಿಲ್ಲ ಎಂದು ಲೆಕ್ಕ ಹಾಕಿಕೊಂಡಿದ್ದಳು.

“ಅವರು ಹೋದರು ಅಜ್ಜಿ. ನನಗೊಬ್ಬಳಿಗೆ ಹೇಳು. ನಿನ್ನವ್ವ, ಅವಳವ್ವ, ಏಳು ಜನ ಅಂದಿದ್ದೆಯಲ್ಲ. ನಾನು ಯಾರಿಗೂ ತೋರಿಸಲ್ಲ.”

“ನೆನಪಿಲ್ಲ ಮಗಾ.”

“ನಿನ್ನವ್ವನ ಹೆಸರೂ ನೆನಪಿಲ್ವಾ?”

“ಇಲ್ಲ.”

“ಸುಳ್ಳು ಹೇಳಬೇಡ ಅಜ್ಜಿ. ನನ್ನ ಹತ್ತಿರ ಬೇಡ.”

“ಸುಳ್ಳು ಎಂತಕ್ಕೆ ಹೇಳಲಿ,” ಎಂದಳು ಕನ್ನಮ್ಮ. “ನಿಮ್ಮಪ್ಪ ಹೇಳಿದ, ನೀನು ಬರೆದೆ, ನಾನು ಹೆಬ್ಬೆಟ್ಟು ಒತ್ತೀನಿ.”